ಸೊಲ್ ಕಲ್ಲಿನ ಸೂರು

"ಕಲ್ಲಿಗೆ ಕಿವಿ ಕೊಟ್ಕೊಂಡು ಕೂತವ್ನೆ ನೋಡು, ಬೋಳಿಮಗ! ಅದೇನು ನಿನ್ನ ಹೆಂಡ್ರ ಬಸುರಾ? ಏಳೋ ಮೇಲಕ್ಕೆ!"

ಧಣಿ ಎಡ್ಗಾರನ ಬೈಗುಳ ಕಲ್ಲುಗಣಿಯ ನಾಲ್ಕೂ ಗೋಡೆಗೆ ಬಡಿದು ಮರಳಿತು. ವಿಸ್ತಿನ್ ಏಳಲಿಲ್ಲ. ಪಿಕಾಸಿಯ ಹಿಡಿಯಿಂದ ಬಂಡೆಗೆ ಇನ್ನೊಮ್ಮೆ ತಟ್ಟಿದ. ಒಳ್ಳೆಯ ಕಲ್ಲಾದರೆ ಠಣ್ ಎನ್ನಬೇಕು. ಇದು ಸದ್ದನ್ನು ನುಂಗಿಕೊಂಡಿತು.

"ಇದು ಸೊಲ್, ಧಣೀ. ಸಮುದ್ರದ ಗಾಳಿಗೆ ಹಿಟ್ಟಾಗಿ ಉದುರೋ ಕಲ್ಲು. ಪಾಯಕ್ಕೆ ಹಾಕ್ಸಿ, ಮಣ್ಣೊಳ್ಗಿದ್ರೆ ಏನಾಗಕಿಲ್ಲ. ಸೂರಿಗೆ ಬ್ಯಾಡ."

"ಈ ಮಾಲ್ಟಾ ತುಂಬ ಇರೋದೇ ಸುಣ್ಣದ ಕಲ್ಲು. ಅದ್ರಾಗೆ ಜಾತಿ ಹುಡುಕ್ತೀಯಾ? ಬಂದರಿನ ಕೂಲಿಗಳ ಮನೆಗೆ ಇದೇ ಹೆಚ್ಚು. ಹನ್ನೆರಡು ಚಪ್ಪಡಿ ಸಂಜೆಗೆ ಲಾರಿ ಹತ್ಬೇಕು."

ಹೊಸದಾಗಿ ಕೊಯ್ದಾಗ ಒಳ್ಳೆಯ ಕಲ್ಲು, ಸೊಲ್ ಎರಡೂ ಒಂದೇ ಬೆಣ್ಣೆ ಬಣ್ಣ. ಮೂರು ಚಳಿಗಾಲದ ಹಿಂದೆ ಬಂದರಿನ ಕೇರಿಯಲ್ಲಿ ತಂಗಿ ರೊಝಿನಾಳ ಮೇಲೆ ಸೂರು ಕುಸಿದಾಗ, ಚಪ್ಪಡಿ ಸರಿಸಲು ಹೋದ ವಿಸ್ತಿನನಿಗೆ ಅದರ ಮೇಲೆ ಕಂಡದ್ದು ತನ್ನದೇ ಪಿಕಾಸಿಯ ಗೀರು. ಅದು ಸೊಲ್ ಎಂದು ಕೊಯ್ಯುವಾಗಲೇ ಅವನಿಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ಕೊಯ್ದಿದ್ದ. ಹೂಳುವಾಗ ಪಾದ್ರಿ ದೇವರ ಚಿತ್ತ ಎಂದರು. ಧಣಿ ಮೇಣದಬತ್ತಿ ಕೊಡಿಸಿದ. ವಿಸ್ತಿನ್ ಆ ಕೈಗೆ ಮುತ್ತಿಟ್ಟಿದ್ದ.

"ನಿನ್ನ ತಂಗಿ ಸತ್ಲು ಅಂತ ಊರೋರೆಲ್ಲ ಮರದಡಿ ಮಲಗ್ಬೇಕೇನೋ?" ಎಂದ ಧಣಿ, ನಗುತ್ತಾ.

ವಿಸ್ತಿನ್ ಎದ್ದ. ಅದೇ ಬಂಡೆಯಿಂದ ಬೆಳಗಿನಿಂದ ಕೊಯ್ದು ಒರಗಿಸಿದ್ದ ಒಂಬತ್ತು ಚಪ್ಪಡಿಗಳ ಬಳಿಗೆ ನಡೆದ.

"ವಿಸ್ತಿನಣ್ಣಾ, ಬ್ಯಾಡ," ಜೊತೆಗಾರ ನಾರ್ದು ತೋಳು ಹಿಡಿದ. "ಎಲ್ರ ಕೂಲೀನೂ ಹೋಯ್ತದೆ. ನಂಗೆ ಐದು ಮಕ್ಳವೆ, ನಿನ್ನ ಕಾಲ್ ಹಿಡೀತೀನಿ."

"ಬಿಡೋ ನಾರ್ದು. ಒಂದ್ಸಲ ನನ್ ಕೈಯಾರೆ ಕೊಂದಿದೀನಿ. ಸಾಕು."

ಪಿಕಾಸಿಯ ಮೊದಲ ಏಟಿಗೇ ಚಪ್ಪಡಿ ಎರಡು ಹೋಳಾಯಿತು. ಧಣಿ ಕಿರುಚಿದ. ಹಿಡಿಯಲು ಯಾರೂ ಮುಂದೆ ಬರಲಿಲ್ಲ; ಜೊತೆಗೆ ಏಟು ಹಾಕಲೂ ಬರಲಿಲ್ಲ. ಒಂಬತ್ತನೆಯದನ್ನು ಒಡೆದು ಮುಗಿಸಿ ವಿಸ್ತಿನ್ ಬೆವರೊರೆಸಿಕೊಂಡು ಕೂತ. ಪೊಲೀಸರು ಬಂದಾಗ ತಾನೇ ಕೈ ಚಾಚಿದ.

ಬೇಡಿ ಹಾಕಿ ಅವನನ್ನು ಇಳಿಜಾರಿನ ಮೇಲಕ್ಕೆ ನಡೆಸುವಾಗ ಕೆಳಗಿನಿಂದ ಧಣಿಯ ದನಿ ಕೇಳಿತು: "ಲೇ ನಾರ್ದು, ಅದೇ ಪದರ. ಹನ್ನೆರಡು ತೆಗಿ."

ಪಿಕಾಸಿಯ ಸದ್ದು ಶುರುವಾಯಿತು. ವಿಸ್ತಿನ್ ತಿರುಗಿ ನಿಂತು ಗಂಟಲು ಹರಿಯುವಂತೆ ಕೂಗಿದ:

"ನಾರ್ದೂ! ಅದ್ರಡೀಲಿ ಯಾರು ಮಲಗ್ತಾರೆ ಕೇಳೋ!"

ಸದ್ದು ನಿಂತಿತು. ನಾರ್ದು ತಲೆಯೆತ್ತಲಿಲ್ಲ. ಅಂಗೈಗೆ ಉಗುಳಿಕೊಂಡು, ಮತ್ತೆ ಶುರುಮಾಡಿದ.