ಎರಡು ಕಂಪನಿ, ಒಂದು ಕಿವಿ

ಅಮ್ಮತ್ತಿ ಪೇಟೆಯ ಹೋಟೆಲಿನಲ್ಲಿ ಕಾಫಿಗಿಂತ ಬಿಸಿಯಾದದ್ದು ಪುಟ್ಟಸ್ವಾಮಿಯ ಗಂಟಲು. ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಆದ ಅವನು ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅಲ್ಲಿ ಕೂತು, ಹಿಂದಿನ ದಿನ ತಂತಿಯಲ್ಲಿ ಕೇಳಿದ್ದನ್ನೆಲ್ಲ ಆಡಿ ತೋರಿಸುತ್ತಿದ್ದ. ಹೆಸರು ಮಾತ್ರ ಹೇಳುತ್ತಿರಲಿಲ್ಲ. ಅದೇ ತನ್ನ ನಿಯತ್ತು ಎಂದುಕೊಂಡಿದ್ದ. ಮೂಗಿನಲ್ಲೇ ಔಷಧಿ ಹೇಳುವ ಡಾಕ್ಟರು, ‘ಹಲೋ’ ಎಂಬುದನ್ನೂ ಬೈಗುಳದಂತೆ ಎಸೆಯುವ ಸಾಹುಕಾರ ಬೆಳ್ಳಿಯಪ್ಪ, ಎಲ್ಲರೂ ಅವನ ಬಾಯಿಂದಿಳಿದು ಬೆಂಚಿನ ಮೇಲೆ ಕೂರುತ್ತಿದ್ದರು.

“ಹೊಸ ಸರಕು ಎಂತದಾದ್ರೂ ಉಂಟಾ ಮಾರಾಯ?” ಎಂದು ಒಬ್ಬ ಕೇಳಿದ.

“ಸರಕಿಗೇನು ಬರ! ಎರಡು ಕಂಪನಿ ಮಾತೂ ಈಗ ನನ್ನೊಬ್ಬನ ಕಿವಿಗೇ ಬೀಳ್ತದೆ ಕಣಣ್ಣ.”

ನಿಜವೇ. ಕೊಡಗು ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಜನ ಇನ್ನೂ ಕಚ್ಚಾಡುತ್ತಿರುವಾಗಲೇ, ತೋಟದ ಸಾಹುಕಾರರು ಕಟ್ಟಿಕೊಂಡಿದ್ದ ಎರಡು ಖಾಸಗಿ ಟೆಲಿಫೋನ್ ಕಂಪನಿಗಳು ಸದ್ದಿಲ್ಲದೆ ಒಂದಾಗಿದ್ದವು. ಅಮ್ಮತ್ತಿಯ ಕಂಪನಿ ಹೊಳೆಬದಿಯ ಕಂಪನಿಯನ್ನು ನುಂಗಿತ್ತು. ಸಿದ್ದಾಪುರದಿಂದ ದುಬಾರೆಯವರೆಗಿನ ತಂತಿಗಳೆಲ್ಲ ಈಗ ಪುಟ್ಟಸ್ವಾಮಿಯ ಬೋರ್ಡಿಗೇ ಬಂದು ಸೇರುತ್ತಿದ್ದವು. ಆ ವಿಷಯವನ್ನು ಆ ಕಡೆಯ ಗಿರಾಕಿಗಳಿಗೆ ಯಾರೂ ತಿಳಿಸಿರಲಿಲ್ಲ.

ಪುಟ್ಟಸ್ವಾಮಿ ಗಂಟಲನ್ನು ಸಣ್ಣ ಮಾಡಿಕೊಂಡ. ಕಣ್ಣು ಅಗಲವಾಯಿತು. “ಅಕ್ಕಾ, ಇಲ್ಲಿ ಆನೆ ಘೀಳಿಟ್ಟರೂ ಅವರೇ ಬಂದ್ರು ಅಂತ ಎದೆ ಹಾರ್ತದೆ...” ಎಂದು ಅಳುದನಿಯಲ್ಲಿ ನಡುಗಿದ. ಹಿಂದೆಯೇ ಕೈಯನ್ನು ಸೊಂಡಿಲು ಮಾಡಿ ಒಂದು ಘೀಳು. ಹೋಟೆಲ್ ಬಿದ್ದು ಬಿದ್ದು ನಕ್ಕಿತು.

ಮೂಲೆಯಲ್ಲಿದ್ದ ಮಲ್ಲ ನಗಲಿಲ್ಲ. ಅವನು ಬೆಳ್ಳಿಯಪ್ಪನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಸಾಹುಕಾರನ ಮನೆಯ ಅಮ್ಮನವರ ದನಿ ಅವನಿಗೆ ಗೊತ್ತು. ಆನೆಗಳು ಮರ ಎಳೆಯುವ ಜಾಗ ದುಬಾರೆ ಎಂಬುದೂ ಗೊತ್ತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಸಾಹುಕಾರನ ಮನೆಯ ಕಡೆ ಹೋದ.

ಮಧ್ಯಾಹ್ನ ಎಕ್ಸ್‌ಚೇಂಜಿನ ಬಾಗಿಲು ಒದೆತಕ್ಕೆ ತೆರೆದುಕೊಂಡಿತು. ಬೆಳ್ಳಿಯಪ್ಪ ಒಳಗೆ ಬಂದ. ಕೈಯಲ್ಲಿ ಕೋವಿ, ಬಿಳಿ ಅಂಗಿಯ ತೋಳಿನ ಮೇಲೆ ರಕ್ತ. ರಕ್ತ ಅವನದಾಗಿರಲಿಲ್ಲ.

“ಸಾವ್ಕಾರ್ರೆ, ಒಳಗೆ ಬರಂಗಿಲ್ಲ...” ಪುಟ್ಟಸ್ವಾಮಿ ಎದ್ದು ನಿಂತ.

“ನನ್ನ ಕಂಪನಿಗೆ ನಾನು ಬರಲಿಕ್ಕೆ ನಿನ್ನ ಅಪ್ಪಣೆಯಾ? ಇದರಲ್ಲಿ ಎಲ್ಲರಿಗಿಂತ ದೊಡ್ಡ ಪಾಲು ನನ್ನದು.” ಬೆಳ್ಳಿಯಪ್ಪ ಅವನ ಕೊರಳಪಟ್ಟಿ ಹಿಡಿದು ಕುರ್ಚಿಗೆ ಒಗೆದ. “ದುಬಾರೆಯಿಂದ ಅಳೋದು ನನ್ನ ಹೆಂಡತಿ ಯಮುನ. ಅವಳ ಅಕ್ಕ ಪೊನ್ನಮ್ಮನ್ನ ಸಿದ್ದಾಪುರಕ್ಕೇ ಹೋಗಿ ಕೇಳಿ ಬಂದೆ. ಕೈ ಮುರಿದರೂ ಬಾಯಿ ಬಿಡಲಿಲ್ಲ ಆ ಹೆಂಗಸು. ಯಾವ ಮನೆಯಿಂದ ಅಂತ ನೀನು ಹೇಳ್ತೀಯ.”

ಪಕ್ಕೆಲುಬು ಮುರಿಸಿಕೊಂಡು ಗಂಡನ ಮನೆ ಬಿಟ್ಟವಳ ಸುದ್ದಿ ಪೇಟೆಗೆಲ್ಲ ಗೊತ್ತಿತ್ತು. ಹೋಟೆಲಿನಲ್ಲಿ ತಾನು ಆಡಿ ತೋರಿಸಿದ ದನಿ ಅವಳದೆಂದು ಪುಟ್ಟಸ್ವಾಮಿಗೆ ಗೊತ್ತಿರಲಿಲ್ಲ. ಗಂಡನ ಕಂಪನಿಯ ತಂತಿಯಲ್ಲವೆಂಬ ಧೈರ್ಯದಿಂದಲೇ ಅವಳು ಮಾತಾಡುತ್ತಿದ್ದಳು.

“ಒಬ್ಬರ ಮಾತು ಇನ್ನೊಬ್ಬರಿಗೆ ಹೇಳಂಗಿಲ್ಲ ಸಾವ್ಕಾರ್ರೆ.”

ಬೆಳ್ಳಿಯಪ್ಪ ಗಹಗಹಿಸಿದ. “ಬೆಳಿಗ್ಗೆ ಹೋಟೆಲಿಗೆಲ್ಲ ಪುಕ್ಕಟೆ ಹಂಚಿದವನು, ಗಂಡನಿಗೆ ಹೇಳಲಿಕ್ಕೆ ನಾಚಿಕೊಳ್ತಾನೆ!”

ಪುಟ್ಟಸ್ವಾಮಿ ಬೋರ್ಡಿನ ಅಂಚು ಹಿಡಿದು ತಲೆ ತಗ್ಗಿಸಿದ. ಕೋವಿಯ ಬುಡ ಅವನ ಬಲಗೈ ಬೆರಳುಗಳ ಮೇಲೆ ಬಿತ್ತು. ಹಸಿ ಕಡ್ಡಿ ಮುರಿದಂತೆ ಸದ್ದಾಯಿತು.

ಅಷ್ಟರಲ್ಲಿ ಬೋರ್ಡಿನಲ್ಲಿ ಕರೆ ಬಂತೆಂದು ತೋರಿಸುವ ಒಂದು ಮುಚ್ಚಳ ಟಪ್ಪೆಂದು ಕೆಳಗೆ ಬಿತ್ತು. ಅದರಡಿ ಬರೆದಿದ್ದದ್ದು ದುಬಾರೆಯ ಮರದ ಕಂಟ್ರಾಕ್ಟರರ ಮನೆ. ಆ ಅಳುದನಿ ಬರುತ್ತಿದ್ದ ಅದೇ ಮನೆ. ಪುಟ್ಟಸ್ವಾಮಿಯ ಮುಖ ನೋಡಿಯೇ ಬೆಳ್ಳಿಯಪ್ಪನಿಗೆ ಅರ್ಥವಾಯಿತು.

“ಅವಳೇ ಅಲ್ಲವಾ? ತಗೋ. ಆ ಮನೆಯವರ ಹತ್ತಿರವೂ ಕೋವಿ ಉಂಟು, ಅಲ್ಲಿಗೆ ನುಗ್ಗಲಿಕ್ಕೆ ನನಗೆ ಹುಚ್ಚಲ್ಲ. ಅವಳಾಗೇ ಹೊರಗೆ ಬರಬೇಕು. ಪೊನ್ನಮ್ಮನ ದನಿ ಮಾಡು. ‘ಹೊಳೆಯ ದೋಣಿ ಕಡವಿಗೆ ಬಾ, ಜೀಪ್ ಕಳಿಸಿದ್ದೇನೆ’ ಅನ್ನು. ಮಿಕ್ಕಿದ್ದು ನಾನು ನೋಡಿಕೊಳ್ತೇನೆ.”

ಹೆಡ್‌ಫೋನಿನ ಒಂದು ಕಿವಿಯನ್ನು ಬೆಳ್ಳಿಯಪ್ಪ ತನ್ನ ಕಿವಿಗೇ ಒತ್ತಿಕೊಂಡ. ಇಬ್ಬರ ಕೆನ್ನೆಗಳೂ ತಾಗಿದವು. ಕೋವಿಯ ನಳಿಗೆ ಪುಟ್ಟಸ್ವಾಮಿಯ ಹೊಟ್ಟೆಗೆ ತಾಗಿತು. ಅವನು ಎಡಗೈಯಲ್ಲಿ ಪ್ಲಗ್ಗು ಚುಚ್ಚಿದ.

“ಸಿದ್ದಾಪುರದ ಅಕ್ಕನ ಮನೆ ಕೊಡಿ ಅಣ್ಣ,” ಎಂದಿತು ಆ ಸಣ್ಣ ದನಿ.

ಅಣ್ಣ ಎಂದಳು. ದಿನಾ ಹಾಗೆಯೇ ಅನ್ನುತ್ತಿದ್ದಳು. ಅದನ್ನೊಂದು ಬಿಟ್ಟು ಮಿಕ್ಕೆಲ್ಲವನ್ನೂ ಅವನು ಹೋಟೆಲಿನಲ್ಲಿ ಆಡಿ ತೋರಿಸಿದ್ದ.

ನಳಿಗೆ ಒತ್ತಿತು. ಪುಟ್ಟಸ್ವಾಮಿ ಒಂದು ಉಸಿರೆಳೆದ. ಆಮೇಲೆ ಅವನ ಬಾಯಿಂದ ಬಂದದ್ದು ಪೊನ್ನಮ್ಮನ ದನಿಯಲ್ಲ.

“ಹಲೋ! ಏ ಯಮುನ! ದುಬಾರೆಯಲ್ಲಿ ಅಡಗಿದ್ದೀಯಾ? ಕೋವಿ ತುಂಬಿಸಿಕೊಂಡು ಬರ್ತಾ ಇದ್ದೇನೆ, ನಿನ್ನ ಹೆಣ ಹೊಳೆಗೆ ಬಿಡ್ತೇನೆ!”

ಬೆಳ್ಳಿಯಪ್ಪನದೇ ಗಂಟಲು, ಅವನದೇ ಗೊಗ್ಗರು, ಅವನದೇ ವಿಷ. ತಂತಿಯ ಆ ತುದಿಯಲ್ಲಿ ಒಂದು ಚೀತ್ಕಾರ, ಏನೋ ಬಿದ್ದ ಸದ್ದು, ಓಡುವ ಹೆಜ್ಜೆ. ನಂತರ ಏನೂ ಇಲ್ಲ.

ತನ್ನ ದನಿ ಹೊರಗಿನವರ ಕಿವಿಗೆ ಹೇಗೆ ಬೀಳುತ್ತದೆಂಬುದನ್ನು ಬೆಳ್ಳಿಯಪ್ಪ ಜೀವಮಾನದಲ್ಲಿ ಮೊದಲ ಬಾರಿ ಕೇಳಿದ್ದ. ಆಮೇಲೆ ಕೋವಿಯ ಬುಡ ಎದ್ದಿತು. ಮೊದಲ ಏಟಿಗೆ ಪುಟ್ಟಸ್ವಾಮಿಯ ದವಡೆ ಜಾರಿತು. ಎರಡನೆಯದಕ್ಕೆ ಹಲ್ಲು ಬೋರ್ಡಿನ ಮೇಲೆ ಚೆಲ್ಲಿದವು. ಸದ್ದು ಕೇಳಿ ಪೇಟೆಯ ಜನ ನುಗ್ಗಿ ಬೆಳ್ಳಿಯಪ್ಪನನ್ನು ಎಳೆದು ಕೆಡವುವ ಹೊತ್ತಿಗೆ ನೆಲದ ಮೇಲೆ ಬಿದ್ದದ್ದು ಮನುಷ್ಯನೋ ಒದ್ದೆ ಗೋಣಿಚೀಲವೋ ಹೇಳುವುದು ಕಷ್ಟವಾಗಿತ್ತು.

ಮಡಿಕೇರಿ ಆಸ್ಪತ್ರೆಯಲ್ಲಿ ಅವನ ದವಡೆಗೂ ಎರಡೂ ಕೈಗಳಿಗೂ ಪಟ್ಟಿ ಕಟ್ಟಿ ಮಲಗಿಸಿದರು. ಮಾತಿರಲಿಲ್ಲ. ವಾರದ ಮೇಲೆ ಒಬ್ಬ ಹೆಂಗಸು ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದು ಮಂಚದ ಪಕ್ಕ ಕೂತಳು. ಪೊನ್ನಮ್ಮ.

“ನೀನೇ ಅಲ್ಲವಾ ಹೋಟೆಲಿನಲ್ಲಿ ನನ್ನ ತಂಗಿಯನ್ನ ಅಳಿಸಿದವನು?” ಎಂದಳು. “ಮುಖಕ್ಕೆ ಉಗಿಯಬೇಕು ಅಂತಲೇ ಬಸ್ಸು ಹತ್ತಿದೆ. ನೋಡಿದರೆ ಉಗಿಯಲಿಕ್ಕೆ ಮುಖವೇ ಉಳಿದಿಲ್ಲ.”

ಪುಟ್ಟಸ್ವಾಮಿಯ ಕಣ್ಣಲ್ಲಿ ನೀರು ಇಳಿಯಿತು. ಒರೆಸಿಕೊಳ್ಳಲು ಕೈಯೂ ಇರಲಿಲ್ಲ. ಪೊನ್ನಮ್ಮ ತನ್ನ ಸೆರಗಿನಿಂದ ಒರಟಾಗಿ ಒರೆಸಿದಳು.

“ಅವ ಜಾಮೀನಿನ ಮೇಲೆ ಹೊರಗೆ ಬಂದಿದ್ದಾನೆ. ಮತ್ತೆ ಹುಡುಕ್ತಾ ಇದ್ದಾನೆ. ಯಮುನ ಸಿಕ್ಕಲಿಕ್ಕಿಲ್ಲ. ಆ ದಿನ ನಿನ್ನ ಕೂಗು ಕೇಳಿ ಹಿತ್ತಿಲಿಂದಲೇ ಹೊಳೆ ದಾಟಿದಳು.” ಸುತ್ತ ನೋಡಿ ಅವನ ಹತ್ತಿರಕ್ಕೆ ಬಗ್ಗಿದಳು. “ಏಟು ತಿಂದವನು ನೀನು. ನಿನಗೆ ಹೇಳಬೇಕು. ಈಗ ಅವಳು ಎಲ್ಲಿದ್ದಾಳೆ ಅಂದರೆ...”

ಪುಟ್ಟಸ್ವಾಮಿ ಪಟ್ಟಿ ಸುತ್ತಿದ ಕೈಯನ್ನು ನರಳುತ್ತ ಎತ್ತಿ, ತನ್ನ ಕಿವಿಯ ಮೇಲೆ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದ.