ವೈರುಗಳ ವಿಡಿಯೊ

ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಹತ್ತಿರ ಕೇಳಿದ್ದು ಒಂದೇ ಒಂದು. ಅವರ ದನಿ ಎಲ್ಲಾದರೂ ಉಳಿದಿದೆಯಾ ನೋಡು, ಅಂತ. ಫೋಟೊ ಬೇಡ, ವಾಚು ಬೇಡ, ದನಿ ಬೇಕು. ಅಪ್ಪ ಬದುಕಿದ್ದಾಗ ಅದೇ ದನಿ ಬಾಗಿಲಲ್ಲಿ ಕೇಳಿಸಿದರೆ, "ಬಂದರಪ್ಪ ಮಹಾರಾಜರು" ಎಂದು ಮೂತಿ ತಿರುವುತ್ತಿದ್ದವಳು ಇವಳೇ.

ನಾನು ಹುಡುಕದೆ ಬಿಡಲಿಲ್ಲ. ಮನೆಯವರ ವಿಡಿಯೊಗಳಿಗೇನೂ ಬರವಿರಲಿಲ್ಲ. ಆದರೆ ತೆಗೆದವನು ಅಪ್ಪ, ಕೈ ಅಲ್ಲಾಡಬಾರದೆಂದು ಉಸಿರು ಬಿಗಿಹಿಡಿದು ತೆಗೆಯುವ ಮನುಷ್ಯ. ಶಾಲೆಯ ನಾಟಕದಲ್ಲಿ ನಾನು ಕಿರುಚುತ್ತೇನೆ, ಅಮ್ಮ ಇಸ್ತ್ರಿ ಅಂಗಡಿ ತೆರೆದ ದಿನ ಬಂದವರೆಲ್ಲ ನಗುತ್ತಾರೆ, ಚಿಕ್ಕಪ್ಪ ಯಾರೂ ಕೇಳದಿದ್ದರೂ ಭಾಷಣ ಬಿಗಿಯುತ್ತಾನೆ. ಅಪ್ಪನದು ಒಂದು ಕೆಮ್ಮು ಸಹ ಇಲ್ಲ. ಒಂದು ದಿನ ಫೋನನ್ನು ಸೋಫಾದ ಮೇಲೆ ಎಸೆದು, "ಒಂದೇ ಒಂದು ಸಲ ಬಾಯಿ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು!" ಎಂದು ಗೋಡೆಗೆ ಬೈದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅಪ್ಪ ನನಗಿಟ್ಟ ಹೆಸರೇ ಮೆಣಸಿನಕಾಯಿ.

ಅಷ್ಟರಲ್ಲಿ ಕ್ಲೌಡ್ ಕಂಪನಿಯಿಂದ ಸಂದೇಶ ಬಂತು. ನಿಮ್ಮ ಪುಕ್ಕಟೆ ಜಾಗ ತುಂಬಿದೆ, ಪ್ಲಾನ್ ಕೊಳ್ಳಿ, ಇಲ್ಲವೇ ಬೇಡದ್ದನ್ನು ಅಳಿಸಿ, ಎರಡೂ ಮಾಡದಿದ್ದರೆ ನಾವೇ ಅಳಿಸುತ್ತೇವೆ. 'ಪ್ರೀತಿಯ ಗ್ರಾಹಕರೇ' ಎಂದು ಶುರುಮಾಡಿ ಹೀಗೆ ಹೆದರಿಸುವುದನ್ನು ಇವರು ಎಲ್ಲಿ ಕಲಿತರೋ. ನಮ್ಮ ಮನೆಯ ಮೂರೂ ಫೋನುಗಳು ಅಪ್ಪನ ಒಂದೇ ಖಾತೆಯಲ್ಲಿದ್ದವು. ಬೇರೆ ಬೇರೆ ಮಾಡು ಎಂದು ನಾನು ಎಷ್ಟು ಬಡಕೊಂಡರೂ, "ಒಂದು ಮನೆಗೆ ಎಷ್ಟು ಬೀಗ ಹಾಕ್ತೀಯೇ?" ಎಂದು ಬಾಯಿ ಮುಚ್ಚಿಸಿದ್ದ. ಹಾಗಾಗಿ ಒಬ್ಬರ ಫೋನಿನಲ್ಲಿ ಸೇರಿದ್ದು ಎಲ್ಲರಿಗೂ ಕಾಣುತ್ತಿತ್ತು, ಒಬ್ಬರು ಅಳಿಸಿದ್ದು ಎಲ್ಲರದರಲ್ಲೂ ಹೋಗುತ್ತಿತ್ತು.

ಸಂಜೆ ಅಮ್ಮನ ಅಂಗಡಿಯಲ್ಲಿ ಕೂತು ಪ್ಲಾನುಗಳನ್ನು ನೋಡಿದೆವು. ಸಣ್ಣದು, ನಡುವಿನದು, ದೊಡ್ಡದು. ನಡುವಿನದರ ತಲೆಯ ಮೇಲೆ 'ಎಲ್ಲರ ಮೆಚ್ಚಿನದು' ಎಂದು ಹಸಿರು ಪಟ್ಟಿ.

"ಮಾರಿಹೋಗದೇ ಇರೋದಕ್ಕೇ ಇಂಥ ಚೀಟಿ ಅಂಟಿಸೋದು," ಎಂದಳು ಅಮ್ಮ, ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತ. "ಅಷ್ಟೊಂದು ಜಾಗ ತಿಂತಿರೋದು ಯಾವುದು, ಅದನ್ನು ಮೊದಲು ಹೇಳು."

ತಿನ್ನುತ್ತಿದ್ದದ್ದು ವೈರುಗಳು. ಅಪ್ಪ ಲಿಫ್ಟ್ ಮೆಕ್ಯಾನಿಕ್. ಯಾವುದೇ ಲಿಫ್ಟಿನ ಪೆಟ್ಟಿಗೆ ಬಿಚ್ಚುವ ಮೊದಲು, ಯಾವ ವೈರು ಎಲ್ಲಿಗೆ ಹೋಗುತ್ತದೆ ಎಂದು ಒಂದು ವಿಡಿಯೊ ತೆಗೆದಿಟ್ಟುಕೊಳ್ಳುತ್ತಿದ್ದ. ಮತ್ತೆ ಜೋಡಿಸುವಾಗ ತಪ್ಪಬಾರದಲ್ಲ, ಅದಕ್ಕೆ. ಅವೆಲ್ಲ 'ಕೆಲಸ' ಎಂಬ ಒಂದು ಆಲ್ಬಮ್ಮಿನಲ್ಲಿ ವರ್ಷಗಟ್ಟಲೆ ಬಂದು ಬಿದ್ದಿದ್ದವು. ತೆರೆಯದೆ ನೋಡಿದರೆ ಎಲ್ಲವೂ ಒಂದೇ: ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಬಣ್ಣಬಣ್ಣದ ಸಿಕ್ಕು. ನಾವು ಯಾರೂ ಒಂದನ್ನೂ ತೆರೆದು ನೋಡಿರಲಿಲ್ಲ.

"ತೆಗೆದುಹಾಕು," ಎಂದಳು ಅಮ್ಮ. "ಇದ್ದಾಗ ಆ ಲಿಫ್ಟುಗಳೇ ಅವರನ್ನ ತಿಂದಿದ್ದು. ಹೋದ ಮೇಲೂ ಅವಕ್ಕೆ ನಾನು ಜಾಗ ಕೊಡ್ಬೇಕಾ? ಅವು ಹೋದ್ರೆ ಸಣ್ಣ ಪ್ಲಾನೇ ಸಾಕು. ಮನೆಯವು ಉಳೀಲಿ, ನಿಧಾನವಾಗಿ ಹುಡುಕು. ಯಾವುದ್ರಲ್ಲಾದ್ರೂ ಒಂದು ಮಾತು ಆಡಿರ್ತಾರೆ."

ನನಗೂ ಅದೇ ಸರಿ ಅನ್ನಿಸಿತು. ತಿಂಗಳ ಹೆಸರಿನ ಮೇಲೆ ಬೆರಳಿಟ್ಟರೆ ಆ ತಿಂಗಳದ್ದೆಲ್ಲ ಒಟ್ಟಿಗೆ ಅಳಿಸಬಹುದು ಎಂದು ಅವಳಿಗೂ ತೋರಿಸಿಕೊಟ್ಟೆ. ಹಳೆಯ ತಿಂಗಳುಗಳು ಅವಳ ಪಾಲಿಗೆ, ಈಚಿನವು ನನ್ನ ಪಾಲಿಗೆ.

ನಾನಿರುವುದು ಕನ್ನಡಕದ ಅಂಗಡಿಯ ಕೆಲಸದಲ್ಲಿ. ರಜೆಯ ದಿನ ಮಧ್ಯಾಹ್ನ ಅಡುಗೆಮನೆಯ ಮೇಜಿಗೆ ಕೂತು ಅಳಿಸಲು ಶುರುಮಾಡಿದೆ. ಒಂದೆರಡು ತಿಂಗಳು ಹೋದವು. ಮುಂದಿನದರಲ್ಲಿ ಬೆರಳು ಜಾರಿ ಒಂದು ವಿಡಿಯೊ ತೆರೆದುಕೊಂಡಿತು.

"ಕೆಂಪು ಮೂರಕ್ಕೆ. ಹಳದಿ ಅದರ ಪಕ್ಕಕ್ಕೆ. ಇದ್ಯಾವ ಪುಣ್ಯಾತ್ಮ ಇಲ್ಲಿ ಟೇಪ್ ಸುತ್ತಿರೋದು? ತಡಿ, ನೀಲಿ ಎಲ್ಲಿ ಹೋಯ್ತು... ಹಾಂ, ಇಲ್ಲಿದ್ದೀಯಾ ಕಳ್ಳ. ಬೇಗ ಮುಗಿಸಪ್ಪ, ಮನೇಲಿ ಕಾಯ್ತಿರ್ತಾಳೆ."

ಅಪ್ಪ! ಆ ವಿಡಿಯೊವನ್ನು ಮೊದಲು ಖಾತೆಯಿಂದ ನನ್ನ ಫೋನಿಗೆ ಬೇರೆಯಾಗಿ ಇಳಿಸಿಕೊಂಡೆ. ಇನ್ನೊಂದನ್ನು ತೆರೆದೆ, ಅದರಲ್ಲೂ ಅಪ್ಪ. ಮತ್ತೊಂದರಲ್ಲಿ ಯಾವುದೋ ಸ್ಕ್ರೂ ಕೆಳಗೆ ಬಿದ್ದು, ಅದಕ್ಕೆ ಸಹಸ್ರನಾಮ ನಡೆಯುತ್ತಿತ್ತು. ನಮ್ಮ ವಿಡಿಯೊ ತೆಗೆಯುವಾಗ ತುಟಿ ಬಿಚ್ಚದ ಮನುಷ್ಯ ವೈರುಗಳ ಹತ್ತಿರ ಬಾಯ್ತುಂಬ ಮಾತಾಡಿದ್ದ. ನಗುವೂ ಅಳುವೂ ಒಟ್ಟಿಗೆ ಬಂತು. ಅಮ್ಮನಿಗೆ ಹೇಳಬೇಕು ಎಂದು ಎದ್ದೆ.

ಎದ್ದವಳು ಫೋನು ನೋಡಿದರೆ, ಆಲ್ಬಮ್ ಕರಗುತ್ತಿದೆ. ನಾನು ಮುಟ್ಟಿಯೇ ಇಲ್ಲ, ಒಂದು ವರ್ಷದ್ದು ಪೂರ್ತಿ ಮಾಯ. ಕಣ್ಣೆದುರೇ ಅದರ ಮುಂದಿನ ವರ್ಷದ್ದೂ ಹೋಯಿತು. ಅಂಗಡಿಯಲ್ಲಿ ಕೂತು ಅಮ್ಮ ಅಳಿಸುತ್ತಿದ್ದಾಳೆ!

ಫೋನು ಮಾಡಿದೆ, ಕಟ್ ಮಾಡಿದಳು. ಮತ್ತೆ ಮಾಡಿದೆ, ಮತ್ತೆ ಕಟ್. ಚಪ್ಪಲಿ ಸಹ ಮೆಟ್ಟದೆ ಅಂಗಡಿಗೆ ಓಡಿದೆ. ಮೂಲೆಯ ತಿರುವಿನಲ್ಲಿ ಸೈಕಲ್ಲಿನವನೊಬ್ಬ "ಕಣ್ಣು ಕಾಣಲ್ವೇನಮ್ಮಾ?" ಎಂದು ಬೈದ. ಬೇರೆ ದಿನವಾಗಿದ್ದರೆ ಅವನ ಗ್ರಹಚಾರ ಬಿಡಿಸುತ್ತಿದ್ದೆ.

ಅಮ್ಮ ಹೆಮ್ಮೆಯಿಂದ ಫೋನು ಎತ್ತಿ ತೋರಿಸಿದಳು. "ಮುಗೀತು ನೋಡು. ನಿಂದನ್ನೂ ನಾನೇ ಮುಗಿಸ್ದೆ. ನಿನ್ನ ಫೋನು ಅಡ್ಡ ಬರ್ತಾ ಇತ್ತು, ಕಟ್ ಮಾಡ್ದೆ. ಕೊನೇಲಿ ಕಸದಬುಟ್ಟಿ ಅಂತ ಒಂದಿತ್ತು, ಅದನ್ನೂ ಖಾಲಿ ಮಾಡ್ದೆ."

ಮಾಡದೆ ಇರುತ್ತಾಳೆಯೇ? ಅಂಗಡಿಯ ಬಾಗಿಲು ಹಾಕುವ ಮುಂಚೆ ಬುಟ್ಟಿಯಲ್ಲಿ ಒಂದು ದಾರದ ಎಳೆ ಉಳಿದರೂ ಅವಳಿಗೆ ನಿದ್ದೆ ಹತ್ತದು. ಫೋನಿನ ಬುಟ್ಟಿಯಲ್ಲಿದ್ದಿದ್ದರೆ ವಿಡಿಯೊಗಳನ್ನು ವಾಪಸ್ಸು ತರಬಹುದಿತ್ತು. ದಾರಿಯುದ್ದಕ್ಕೂ ಕೂಗಾಡಬೇಕೆಂದು ಕೂಡಿಟ್ಟುಕೊಂಡು ಬಂದಿದ್ದೆ, ಅವಳ ಮುಖ ನೋಡಿ ಅದನ್ನೆಲ್ಲ ಬಿಟ್ಟೆ. ಇಸ್ತ್ರಿ ಮೇಜಿನ ಮೇಲೆ ನನ್ನ ಫೋನಿಟ್ಟು ಆ ಒಂದು ವಿಡಿಯೊ ಹಾಕಿದೆ.

"ಕೆಂಪು ಮೂರಕ್ಕೆ. ಹಳದಿ ಅದರ ಪಕ್ಕಕ್ಕೆ."

ಅಮ್ಮ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು. ಅದನ್ನು ನೆಟ್ಟಗೆ ನಿಲ್ಲಿಸಿ, ಕೈ ಒರೆಸಿಕೊಂಡು, ಫೋನಿನ ಹತ್ತಿರ ಕಿವಿ ತಂದಳು. "ಮನೇಲಿ ಕಾಯ್ತಿರ್ತಾಳೆ" ಬಂದಾಗ ಕಣ್ಣು ಮುಚ್ಚಿದಳು. ಮುಗಿದ ಮೇಲೆ, "ಇನ್ನೊಂದು ಸಲ ಹಾಕು," ಎಂದಳು. ಹಾಕಿದೆ. ಬಟ್ಟೆ ಕೊಡಲು ಬಂದವರೊಬ್ಬರು ಅವಳನ್ನು ನೋಡಿ, ಗಂಟನ್ನು ಮೂಲೆಯಲ್ಲಿಟ್ಟು ಸುಮ್ಮನೆ ಹೋದರು.

"ಇದು ಆ ವೈರಿನ ವಿಡಿಯೊನಾ?"

"ಹೂಂ."

ಅವಳು ತನ್ನ ಫೋನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಉಳಿದದ್ರಲ್ಲೂ ಹಿಂಗೇ ಮಾತಾಡಿದ್ರಾ?"

ಕಂಡದ್ದನ್ನು ಕಂಡಹಾಗೆ ಮುಖಕ್ಕೆ ಹೊಡೆದ ಹಾಗೆ ಹೇಳಿಯೇ ನಾನು ಊರೆಲ್ಲ ನಿಷ್ಠುರ ಕಟ್ಟಿಕೊಂಡವಳು.

"ಇಲ್ಲಮ್ಮ," ಎಂದೆ. "ನಾನು ತೆರೆದು ತೆರೆದು ನೋಡ್ದೆ. ಬೇರೆದ್ರಲ್ಲೆಲ್ಲ ಬರೀ ಮೋಟಾರಿನ ಸದ್ದು. ಇದೊಂದ್ರಲ್ಲೇ ಮಾತಾಡಿರೋದು."

ಅಮ್ಮ ದೊಡ್ಡ ಉಸಿರು ಬಿಟ್ಟಳು. "ಸದ್ಯ. ಅದೊಂದಾದ್ರೂ ನಿನ್ನ ಕೈಗೆ ಸಿಕ್ತಲ್ಲ." ಆಮೇಲೆ ಹೇಳಿದಳು, "ಸಣ್ಣ ಪ್ಲಾನ್ ಬೇಡ ಕಣೇ. ದೊಡ್ಡದೇ ತಗೋ. ಜಾಗ ಸಾಲ್ದೆ ಅವರೇ ಅಳಿಸಿಬಿಟ್ರೆ ಏನು ಮಾಡ್ಲಿ ನಾನು?"

ಖಾತೆ ತೆರೆದೆ. ಜಾಗ ಎಷ್ಟು ತುಂಬಿದೆ ಎಂದು ತೋರಿಸುವ, ಮೊದಲು ತುದಿಯವರೆಗೂ ಕೆಂಪಾಗಿದ್ದ ಪಟ್ಟಿ ಈಗ ಮುಕ್ಕಾಲು ಪಾಲು ಖಾಲಿ. ಪುಕ್ಕಟೆ ಜಾಗವೇ ಧಾರಾಳವಾಗಿತ್ತು, ಯಾವ ಪ್ಲಾನೂ ಬೇಕಿರಲಿಲ್ಲ. ತಿಂಗಳುಗಳ ಮೇಲೆ ಬೆರಳಿಡುತ್ತ ಹೋದ ಅಮ್ಮನಿಗೆ ಎಷ್ಟು ಹೋಯಿತೆಂದು ಗೊತ್ತಿಲ್ಲ. ಈ ಪಟ್ಟಿ ನೋಡಿದರೆ ಗೊತ್ತಾಗುತ್ತದೆ. ಫೋನನ್ನು ಅವಳಿಗೆ ಕಾಣದ ಹಾಗೆ ನನ್ನ ಕಡೆ ತಿರುಗಿಸಿಕೊಂಡು ದೊಡ್ಡ ಪ್ಲಾನನ್ನೇ ಒತ್ತಿದೆ.

"ಸಾಕಾಗತ್ತಾ?" ಎಂದು ಅಮ್ಮ ಕೇಳಿದಳು.

"ಸಾಕಾಗತ್ತಮ್ಮ," ಎಂದೆ.