ಕುದಿಸಬಾರದ ಕಲ್ಲು

ಬಾಗಿಲು ತೆರೆದೊಡನೆ ಸಮುದ್ರದ ವಾಸನೆ ಮೂಗಿಗೆ ಬಡಿಯಿತು. ಕನ್ನಡಕದಂಗಡಿಯವನು ಚಪ್ಪಲಿ ಕಳಚುತ್ತಿದ್ದ ಕಾಲನ್ನು ಅಲ್ಲಿಯೇ ನಿಲ್ಲಿಸಿದ. ತೊಟ್ಟಿಯ ನೀರು ಬದಲಿಸುವ ದಿನವೂ ಈ ವಾಸನೆ ಇರುತ್ತಿತ್ತು. ಆದರೆ ಅದು ತಣ್ಣನೆಯದು. ಇದು ಬಿಸಿಯಾಗಿತ್ತು. ಅಡುಗೆಮನೆಯ ತುಂಬ ಹಬೆ, ಹಬೆಯ ನಡುವೆ ಮಸುಕಾಗಿ ಹೆಂಡತಿಯ ಬೆನ್ನು. ಒಲೆಯ ಮೇಲೆ ಮನೆಯಲ್ಲಿದ್ದುದರಲ್ಲಿ ದೊಡ್ಡ ಪಾತ್ರೆ ಕೊತಕೊತ ಕುದಿಯುತ್ತಿತ್ತು. ಅದರೊಳಗೆ ಎರಡು ಮುಷ್ಟಿ ಗಾತ್ರದ ಕಲ್ಲು ಅತ್ತಿತ್ತ ಬಡಿದುಕೊಳ್ಳುತ್ತಿತ್ತು.

"ಬಂದ್ರಾ?" ಎಂದಳು ಅವಳು, ತಿರುಗದೆ. "ಮೂರು ದಿನದಿಂದ ಒದ್ದಾಡ್ತಾ ಇದ್ರಲ್ಲ. ನಿಮ್ಮ ಹಾಳು ಗುಂಡಿಗಳ ಕಥೆ ಮುಗಿಸಿದೀನಿ. ಒಂದೂ ಉಳಿದಿಲ್ಲ."

ಅವನು ಉಸಿರು ಬಿಗಿಹಿಡಿದು ಒಳಗೆ ನುಗ್ಗಿದ. ಒಲೆ ಆರಿಸಿ, ಪಾತ್ರೆಗೆ ಮುಚ್ಚಳ ಹಾಕಿ, ಅವಳ ರಟ್ಟೆ ಹಿಡಿದು ಹೊರಗೆಳೆದ. ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದ ಅತ್ತೆಯನ್ನು ಎಬ್ಬಿಸಿ ಹೊರಗೆ ಕರೆತಂದ. ಕಿಟಕಿಗಳನ್ನೆಲ್ಲ ತೆರೆದ. ಮೂವರೂ ಮಹಡಿಯ ಮೆಟ್ಟಿಲ ಬಳಿ ಬಂದು ನಿಂತಾಗ ಹೆಂಡತಿ, ತೋಳು ತಿಕ್ಕಿಕೊಳ್ಳುತ್ತ, ಏನಾಯಿತೆಂದು ಕೇಳಿದಳು.

"ಗ್ಯಾಸ್ ಸೋರ್ತಾ ಇದೆ," ಎಂದ. ಬಾಯಿಗೆ ಬಂದ ಮೊದಲ ಮಾತು ಅದು.

ಅತ್ತೆ ಗಾಳಿಯನ್ನು ಮೂಸಿ ನೋಡಿದರು. "ಗ್ಯಾಸ್ ಹೀಗಿರುತ್ತಾ ಅಳಿಯಂದ್ರೇ? ಇದು ಮೀನಂಗಡಿ ವಾಸನೆ. ನನಗೆ ವಯಸ್ಸಾಗಿರೋದು ಮಂಡಿಗೆ, ಮೂಗಿಗಲ್ಲ."

ಅವನು ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

ಏಳು ವರ್ಷದ ಹಿಂದೆ ನಡುಮನೆಯ ಗೋಡೆಗೆ ಮೂರಡಿ ಉದ್ದದ ಗಾಜಿನ ತೊಟ್ಟಿ ಬಂದಿತ್ತು. ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪು ತೂಗಿ, ಕರಗಿಸಿ, ಪ್ರತಿ ಭಾನುವಾರ ಐದರಲ್ಲೊಂದು ಪಾಲು ನೀರನ್ನು ಬದಲಿಸುತ್ತಿದ್ದ. ಅವನು ಸಾಕುತ್ತಿದ್ದುದು ಮೀನನ್ನಲ್ಲ, ಮೆತ್ತನೆಯ ಹವಳವನ್ನು. ಕಲ್ಲಿಗೆ ಕಚ್ಚಿಕೊಂಡ ಪಾಲಿಪ್ ಎಂಬ ಜೀವಿಗಳು. ಒಂದೊಂದೂ ಒಂದು ಬಾಯಿ, ಬಾಯಿಯ ಸುತ್ತ ಕೂದಲೆಳೆಯಂಥ ಬೆರಳುಗಳು. ದೀಪ ಹಾಕಿದರೆ ಅರಳುತ್ತಿದ್ದವು, ನೀರು ಕದಡಿದರೆ ಮುಚ್ಚಿಕೊಳ್ಳುತ್ತಿದ್ದವು. ಅಂಗಿಯ ಗುಂಡಿಯಷ್ಟೇ ಅಗಲವಿದ್ದುದರಿಂದ ಹೆಂಡತಿ ಅವಕ್ಕೆ ಗುಂಡಿಗಳೆಂದೇ ಹೆಸರಿಟ್ಟಳು. ಅವುಗಳಲ್ಲಿ ಕಂದು ಬಣ್ಣದ ಜಾತಿಯೊಂದು ಹನ್ನೆರಡಿದ್ದದ್ದು ನಾಲ್ಕು ವರ್ಷದಲ್ಲಿ ಇನ್ನೂರು ದಾಟಿ, ಪಕ್ಕದ ಹವಳಗಳನ್ನು ಉಸಿರುಗಟ್ಟಿಸತೊಡಗಿತು. ಮೂರು ದಿನದ ಕೆಳಗೆ ಆ ಕಲ್ಲನ್ನೇ ಎತ್ತಿ ಬಕೆಟ್ಟಿನ ಉಪ್ಪುನೀರಿನಲ್ಲಿಟ್ಟಿದ್ದ. ಬಿಸಾಡಲು ಮನಸ್ಸು ಬರಲಿಲ್ಲ. ಬಿಡಿಸಲು ಕುಳಿತರೆ ಸೊಂಟ ಹಿಡಿದುಕೊಳ್ಳುತ್ತಿತ್ತು.

ಹೆಂಡತಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಶುದ್ಧಮಾಡುವ ಕೋಣೆಯವಳು. ಇಪ್ಪತ್ತೆರಡು ವರ್ಷ ಕತ್ತರಿ ಚಿಮಟಗಳನ್ನು ಹಬೆಯಲ್ಲಿ ಬೇಯಿಸಿದ ಅವಳಿಗೆ ಹಬೆಗೆ ಬಗ್ಗದ ಕೊಳೆ ಲೋಕದಲ್ಲಿ ಇರಲಿಲ್ಲ. ಇಂದು ಅವಳ ವಾರದ ರಜೆ. ಗಂಡನ ಸೊಂಟಕ್ಕೆ ಬಿಡುವು ಕೊಡೋಣವೆಂದು ತನಗೆ ತಿಳಿದ ರೀತಿಯಲ್ಲಿ ಆ ಕೆಲಸವನ್ನು ಮುಗಿಸಿದ್ದಳು.

ಕಂದು ಜಾತಿಯನ್ನು ಮಾರಿದವನು ಅಂದೇ ಮೂರು ಮಾತು ಹೇಳಿದ್ದ: ಬರಿಗೈಯಲ್ಲಿ ಮುಟ್ಟಬೇಡಿ, ಉಜ್ಜಬೇಡಿ, ಕುದಿಸಬೇಡಿ. ಇವುಗಳ ಮೈಯಲ್ಲಿರುವ ವಿಷ ಕುದಿದರೆ ಸಾಯುವುದಿಲ್ಲ, ಹಬೆಯ ಜೊತೆ ಗಾಳಿಗೇರುತ್ತದೆ. ಬಾಯಿಗೆ ಲೋಹದ ರುಚಿ ಬಂತೆಂದರೆ ಕಾಯುತ್ತ ಕೂರಬೇಡಿ. ವಿಷದ ಹೆಸರನ್ನು ಒಂದು ಚೀಟಿಯಲ್ಲಿ ಬರೆದೂ ಕೊಟ್ಟಿದ್ದ. ಮೂರರಲ್ಲಿ ಒಂದನ್ನೂ ಅವನು ಮನೆಯಲ್ಲಿ ಹೇಳಲಿಲ್ಲ. ಆ ತಿಂಗಳೇ ಅತ್ತೆ ಬಂದು ನೆಲೆಸಿದ್ದರು. ಜಾಗ ಸಾಲದೆಂದು ತೊಟ್ಟಿಯ ಮೇಲೆ ಮೊದಲೇ ಹೆಂಡತಿಯ ಕಣ್ಣಿತ್ತು. ವಿಷವೆಂಬ ಮಾತು ಕಿವಿಗೆ ಬಿದ್ದಿದ್ದರೆ ತೊಟ್ಟಿ ಸಂಜೆಯೊಳಗೆ ಬೀದಿ ಸೇರುತ್ತಿತ್ತು. ಕೈಗವಸು ಯಾಕೆಂದು ಅವಳು ಕೇಳಿದಾಗ, ಕೈಯ ಸೋಪು ನೀರಿಗೆ ತಗುಲಿದರೆ ಅವು ಸಾಯುತ್ತವೆ, ಅಷ್ಟು ನಾಜೂಕು, ಎಂದಿದ್ದ. ಮದುವೆಯಾದ ಹೊಸದರಲ್ಲಿ ತನ್ನ ಬಗ್ಗೆ ಇಷ್ಟು ಜೋಪಾನ ಇರಲಿಲ್ಲವಲ್ಲ ಎಂದು ಅವಳು ನಕ್ಕಿದ್ದಳು.

"ಎಷ್ಟು ಹೊತ್ತು ಕುದಿಸಿದೆ?" ಎಂದು ಈಗ ಕೇಳಿದ.

"ಇಪ್ಪತ್ತು ನಿಮಿಷ. ನಮ್ಮಲ್ಲಿ ಯಾವುದಕ್ಕೂ ಇಪ್ಪತ್ತೇ. ಯಾಕೆ, ಗ್ಯಾಸಿಗೂ ಕಲ್ಲಿಗೂ ಏನು ಸಂಬಂಧ?"

ಅಡುಗೆಮನೆ ಹತ್ತಡಿ ಉದ್ದ, ಎಂಟಡಿ ಅಗಲ. ಇರುವುದು ಒಂದೇ ಕಿಟಕಿ, ಕುದಿಸುವಾಗ ಅದೂ ಮುಚ್ಚಿತ್ತು. ಹೇಗೆ ಗುಣಿಸಿ ಹೇಗೆ ಭಾಗಿಸಿದರೂ ಅವನಿಗೆ ಬೇಕಾದ ಉತ್ತರ ಬರಲಿಲ್ಲ. ಆದರೂ ಅವಳು ನೆಟ್ಟಗೆ ನಿಂತಿದ್ದಳು, ಕೆನ್ನೆ ಕೆಂಪಗಿತ್ತು, ನೆರೆಮನೆಯವರು ಅತ್ತೆಗೆ ತಂದುಕೊಟ್ಟ ಕುರ್ಚಿಯ ಕಾಲು ಕುಂಟೆಂದು ತಮಾಷೆ ಮಾಡುತ್ತಿದ್ದಳು. ಏನೂ ಆಗದಿದ್ದರೆ ಏನೂ ಹೇಳಬೇಕಾಗಿಲ್ಲ. ಆ ಆಸೆಯನ್ನು ಹಿಡಿದು ಅವನು ಕಾಲು ಗಂಟೆ ನಿಂತ. ಆಮೇಲೆ ಇನ್ನೂ ಕಾಲು ಗಂಟೆ ನಿಂತ.

"ಬಾಯೆಲ್ಲ ಒಂಥರಾ," ಎಂದಳು ಅವಳು, ನಾಲಿಗೆಯನ್ನು ಹಲ್ಲಿಗೆ ಉಜ್ಜುತ್ತ. "ನಾಣ್ಯ ಚೀಪಿದ ಹಾಗೆ."

ಅವಳು ಕೆಮ್ಮಿದಳು, ಗಂಟಲು ಸರಿಪಡಿಸಿಕೊಂಡು ಮತ್ತೆ ಕೆಮ್ಮಿದಳು. ಅವನು ಅವಳನ್ನು ಕೆಳಗಿಳಿಸುತ್ತ, ಒಂದು ಗಂಟೆ ಒಳಗೆ ಕಾಲಿಡಬೇಡಿ, ಗ್ಯಾಸ್ ಹೋಗಲಿ, ಎಂದು ಅತ್ತೆಗೆ ತಿರುಗಿ ಹೇಳಿದ. ಸುಳ್ಳಿಗೊಂದು ಅಳತೆ ಬೇಕಿತ್ತು. ಒಂದು ಗಂಟೆ ಸಾಕೆನಿಸಿತ್ತು.

ಆಸ್ಪತ್ರೆ ಅವಳದೇ ಆದ್ದರಿಂದ ಸಾಲಿನಲ್ಲಿ ನಿಲ್ಲಬೇಕಾಗಲಿಲ್ಲ. ಪರೀಕ್ಷಿಸಿದ ಕಿರಿಯ ವೈದ್ಯೆ ಅವಳನ್ನು ಅಕ್ಕ ಎಂದು ಕರೆಯುತ್ತಿದ್ದಳು. ಗ್ಯಾಸ್ ಸೋರಿತ್ತೆಂದು ಅಕ್ಕನೇ ಹೇಳಿದಳು. ವೈದ್ಯೆ ಎದೆಗೆ ಕೊಳವೆಯಿಟ್ಟು ಕೇಳಿ, ಜ್ವರ ನೋಡಿ, ಗಾಬರಿಯಾಗುವಂಥದ್ದೇನಿಲ್ಲ, ಮನೆಗೆ ಹೋಗಿ ಗಾಳಿಯಾಡುವ ಕಡೆ ಮಲಗಿ ಎಂದಳು. ಹೆಂಡತಿ ಸೆರಗು ಸರಿಮಾಡಿಕೊಂಡು ಎದ್ದಳು. ಏಳುವಾಗ ಮಂಚದ ಕಂಬಿಯನ್ನು ಹಿಡಿದುಕೊಂಡಳು. ಅವಳ ಬೆರಳು ನಡುಗುತ್ತಿದ್ದುದನ್ನು ಅವನು ಕಂಡ.

"ಡಾಕ್ಟ್ರೇ, ಗ್ಯಾಸ್ ಅಲ್ಲ," ಎಂದ.

ಆಮೇಲೆ ಎಲ್ಲವನ್ನೂ ಹೇಳಿದ: ಗುಂಡಿಗಳು, ಹಬೆ, ಇಪ್ಪತ್ತು ನಿಮಿಷ, ಮಾರಿದವನ ಮೂರು ಮಾತು. ನಾಲ್ಕು ವರ್ಷದಿಂದ ಕನ್ನಡಕದ ಡಬ್ಬಿಯಲ್ಲಿ ಮಡಿಸಿಟ್ಟಿದ್ದ ಚೀಟಿಯನ್ನು ತೆಗೆದುಕೊಟ್ಟ. ಪಾಠ ಒಪ್ಪಿಸುವವನಂತೆ ಗೋಡೆಯನ್ನು ನೋಡಿಕೊಂಡು ಮಾತಾಡಿದ.

"ನಿಮಗೆ ಗೊತ್ತಿತ್ತು," ಎಂದಳು ಹೆಂಡತಿ.

ಅವನು ತಲೆಯಾಡಿಸಿದ.

"ಮತ್ತೆ ಆ ಕೈಗವಸು? ಸೋಪು?"

"ಸೋಪಿಗಲ್ಲ."

ವೈದ್ಯೆ ಚೀಟಿ ಹಿಡಿದು ಎಲ್ಲಿಗೋ ಫೋನು ಮಾಡಿದಳು. ಮರಳಿ ಬಂದಾಗ ಅವಳ ನಡಿಗೆಯೇ ಬದಲಾಗಿತ್ತು. ಇದಕ್ಕೆ ಮದ್ದಿಲ್ಲ, ಉಸಿರಾಟವನ್ನೂ ಹೃದಯವನ್ನೂ ಒಂದು ಹಗಲು ಒಂದು ರಾತ್ರಿ ಕಾಯಬೇಕು ಎಂದಳು. ಹೆಂಡತಿಯ ಮೂಗು ಬಾಯಿಗಳ ಮೇಲೆ ಆಮ್ಲಜನಕದ ಮುಖವಾಡ ಬಂತು, ಎದೆಗೆ ತಂತಿಗಳು ಬಂದವು. ಅವನ ರಕ್ತವನ್ನೂ ತೆಗೆದರು.

"ಮನೇಲಿ ಇನ್ಯಾರಿದ್ದಾರೆ?" ಎಂದು ವೈದ್ಯೆ ಕೇಳಿದಳು.

ಅವನು ಗೋಡೆಯ ಗಡಿಯಾರ ನೋಡಿದ. ಮೆಟ್ಟಿಲ ಬಳಿಯಿಂದ ಹೊರಟು ಒಂದು ಗಂಟೆ ಹದಿನೆಂಟು ನಿಮಿಷವಾಗಿತ್ತು.

ಸ್ಪೀಕರಿಗೆ ಹಾಕಿದ ಫೋನು ಆರು ಬಾರಿ ಬಡಿದುಕೊಂಡ ಮೇಲೆ ಅತ್ತೆ ಎತ್ತಿದರು.

"ಎಲ್ಲಿದ್ದೀರಿ ಅತ್ತೆ?"

"ಎಲ್ಲಿರ್ತೀನಿ, ಅಡುಗೆಮನೇಲಿ. ನೀವು ಹೇಳಿದ ಗಂಟೆ ಆಯ್ತಲ್ಲ. ಧೂಳು ಬರ್ತಾ ಇತ್ತು, ಕಿಟಕಿ ಹಾಕಿದೆ. ಗ್ಯಾಸಿಗೆ ಏನೂ ಆಗಿಲ್ಲ ಅಳಿಯಂದ್ರೇ, ನಾನೇ ಹಚ್ಚಿ ನೋಡಿದೆ, ಚೆನ್ನಾಗೇ ಉರೀತಾ ಇದೆ. ನಿಮ್ಮ ಕಲ್ಲಿರೋ ಪಾತ್ರೆ ಒಲೆ ಮೇಲೇ ಇತ್ತು. ಸ್ವಲ್ಪ ಬಿಸಿಯಾದ್ರೆ ಜಿಡ್ಡು ಬಿಡುತ್ತೆ, ತೊಳೆದಿಡ್ತೀನಿ."

ಹೆಂಡತಿ ಮುಖವಾಡವನ್ನು ಗದ್ದಕ್ಕಿಳಿಸಿ ಅವನ ಕೈಯಿಂದ ಫೋನು ಕಿತ್ತುಕೊಂಡಳು.

"ಅಮ್ಮಾ, ಒಲೆ ಆರಿಸು. ಮುಚ್ಚಳ ತೆಗೀಬೇಡ. ಉಸಿರು ಬಿಗಿಹಿಡಿದು ಹೊರಗೆ ಬಾ. ಫೋನ್ ಇಡಬೇಡ. ಯಾಕೆ ಅಂತ ಆಮೇಲೆ ಹೇಳ್ತೀನಿ."

ಒಲೆಯ ತಿರುಗಣೆ ಟಕ್ಕೆಂದದ್ದು ಕೇಳಿಸಿತು. ಅನಂತರ ಚಪ್ಪಲಿಯ ಸದ್ದು: ಒಂದು ಹೆಜ್ಜೆ, ಎಳೆದುಕೊಂಡ ಇನ್ನೊಂದು ಹೆಜ್ಜೆ. ಅಡುಗೆಮನೆಯಿಂದ ಹೊರಬಾಗಿಲಿಗೆ ಅವನಿಗಾದರೆ ಹದಿನಾಲ್ಕು ಹೆಜ್ಜೆ. ಆ ಮಂಡಿಗೆ ಮೂವತ್ತಾದರೂ ಬೇಕು. ಅವನು ಎಣಿಸಿದ. ಹತ್ತೊಂಬತ್ತಕ್ಕೆ ಸದ್ದು ನಿಂತಿತು. ಹೆಂಡತಿ ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಅಲುಗಾಡದೆ ಕುಳಿತಳು. ವೈದ್ಯೆ, ಮನೆಗೆ ವಾಹನ ಕಳಿಸಲು ಯಾರಿಗೋ ವಿಳಾಸ ಹೇಳುತ್ತಿದ್ದವಳು, ಮಾತು ನಿಲ್ಲಿಸಿದಳು. ಏನೋ ಉರುಳಿದಂತಾಯಿತು. ಆಮೇಲೆ ಮತ್ತೆ ಹೆಜ್ಜೆ, ಮೊದಲಿಗಿಂತ ನಿಧಾನವಾಗಿ, ಬಾಗಿಲು ಕಿರುಗುಟ್ಟಿತು.

"ಬಂದೆ," ಎಂದಿತು ಮುದುಕಿಯ ಧ್ವನಿ, ಹಿಂಡಿದ ಹಾಗೆ. "ಈಗ ಉಸಿರು ಬಿಡಬಹುದಾ?"

"ಬಿಡಮ್ಮಾ."

ಅತ್ತ ಕಡೆಯಿಂದ ದೀರ್ಘವಾದ ಉಸಿರು ಬಂತು. ಅದರ ಹಿಂದೆಯೇ ಕೆಮ್ಮು.

ಮಗಳು ಕಣ್ಣು ಮುಚ್ಚಿದಳು. "ಅಲ್ಲೇ ಕೂತ್ಕೋ, ಗಾಡಿ ಬರುತ್ತೆ. ಮಾತಾಡ್ತಾ ಇರು, ನಿಲ್ಲಿಸಬೇಡ," ಎಂದು ಹೇಳಿ ಮುಖವಾಡವನ್ನು ಮೇಲೆಳೆದುಕೊಂಡಳು. ಫೋನನ್ನು ದಿಂಬಿನ ಮೇಲೆ, ಕಿವಿಯ ಪಕ್ಕದಲ್ಲಿಟ್ಟುಕೊಂಡು ಗೋಡೆಯ ಕಡೆಗೆ ಹೊರಳಿದಳು. ಸಣ್ಣ ಧ್ವನಿಯೊಂದು ಕುಂಟು ಕುರ್ಚಿಯ ಬಗ್ಗೆ, ತೆರೆದೇ ಬಿಟ್ಟು ಬಂದ ಬಾಗಿಲಿನ ಬಗ್ಗೆ ಹೇಳುತ್ತ ಹೋಯಿತು. ನಡುನಡುವೆ ಕೆಮ್ಮಿತು, ಮತ್ತೆ ಹೇಳಿತು.

ಮಂಚದ ಬದಿಯಲ್ಲಿ ಒಂದೇ ಕುರ್ಚಿ ಇತ್ತು. ಅದರ ಮೇಲೆ ಅವಳ ಕೈಚೀಲವಿತ್ತು. ಅವನು ಅದನ್ನು ಎತ್ತಿ ಕೆಳಗಿಡಲಿಲ್ಲ. ಕಾಲ ಬದಿಯ ಕಂಬಿ ಹಿಡಿದು ನಿಂತು, ಹೊದಿಕೆ ಏಳುವುದನ್ನೂ ಇಳಿಯುವುದನ್ನೂ ನೋಡತೊಡಗಿದ.